ಡ್ರೈವರ್ ಭಟ್ಟರ ಸಾಕ್ಷಿ

ಗ್ಯಾರೇಜಿನ ಮಹಾಂತಪ್ಪ ಕಾರಿನ ಕೆಳಗೆ ಅಂಗಾತ ಮಲಗಿ ಗೇರ್‌ಬಾಕ್ಸಿನ ಅಡಿಯ ನಟ್ಟು ಬಿಚ್ಚಿದಾಗ ಎಣ್ಣೆ ಸುರಿಯಲಿಲ್ಲ. ಅಂಬಲಿಯ ಹಾಗೆ ಗಟ್ಟಿಯಾದದ್ದೇನೋ ಮುದ್ದೆ ಮುದ್ದೆಯಾಗಿ ಜಾರಿ ಕೆಳಗಿಟ್ಟ ಡಬ್ಬಿಗೆ ಬಿತ್ತು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ವೆಂಕಣ್ಣ ಡಬ್ಬಿಯನ್ನು ಹೊರಗೆ ಎಳೆದುಕೊಂಡು ಎರಡು ಬೆರಳು ಅದ್ದಿ ತಿಕ್ಕಿ ನೋಡಿದ. ಕರಿ ಎಣ್ಣೆಯೊಳಗೆ ತರಿತರಿಯಾಗಿ ಏನೋ ಬೆರಳಿಗೆ ಹತ್ತಿತು. ಮೂಸಿದ. ಸುಟ್ಟ ಎಣ್ಣೆಯ ಕಮಟಿನ ನಡುವೆಯೂ ಕಟ್ಟಿಗೆಯ ವಾಸನೆ ಇತ್ತು.

"ಹೊಟ್ಟರಿ," ಎಂದ ಮಹಾಂತಪ್ಪ, ಮಲಗಿಕೊಂಡೇ. "ಕಟಗಿ ಕೊಯ್ಯುವಾಗ ಬೀಳತೈತಲ್ಲ, ಆ ಹೊಟ್ಟು. ಸವದ ಗೇರಿನ ಸಪ್ಪಳ ಕೇಳಬಾರದಂತ ದಪ್ಪ ಎಣ್ಣ್ಯಾಗ ಕಲಿಸಿ ತುಂಬ್ಯಾರ. ಎಂಟ-ಹತ್ತ ದಿನ ಗಪ್ಪ ಇರತೈತಿ. ಆಮ್ಯಾಲ ಹಿಂಗ."

ವೆಂಕಣ್ಣ ಬೆರಳನ್ನು ಹಳೆ ಅರಿವೆಗೆ ಒರೆಸಿಕೊಂಡ. ಕಾರು ಕೊಂಡು ಅಂದಿಗೆ ಹನ್ನೆರಡನೆಯ ದಿನ. ಹಿಂದಿನ ದಿನ ರಾಮದುರ್ಗದಿಂದ ನಾಲ್ಕು ಜನರನ್ನು ಕೂಡಿಸಿಕೊಂಡು ಸವದತ್ತಿಗೆ ಬರುವಾಗ, ತೊರಗಲ್ ದಾಟುತ್ತಿದ್ದಂತೆ ಗೇರು ಒಮ್ಮೆ ಚೀರಿ ಹಾಗೇ ಕಚ್ಚಿಕೊಂಡಿತ್ತು. ಕೂತವರು ಇಳಿದು ಬಸ್ಸು ಹಿಡಿದು ಹೋದರು. ಕಾರು ಯಾರದೋ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಸವದತ್ತಿಗೆ ಬಂತು. ಊರ ಬಾಗಿಲಿನಿಂದ ಗ್ಯಾರೇಜಿನ ತನಕ ವೆಂಕಣ್ಣ ಸ್ಟೇರಿಂಗ್ ಹಿಡಿದು ಕೂತು, ಕಣ್ಣು ಅತ್ತಿತ್ತ ಹಾಯಿಸದೆ ಹಗ್ಗವನ್ನೇ ನೋಡುತ್ತಿದ್ದ.

ಅವನ ಅಪ್ಪ, ಅಜ್ಜ ಎಲ್ಲ ಪೌರೋಹಿತ್ಯ ಮಾಡಿಕೊಂಡು ಬಂದವರು. ವೆಂಕಣ್ಣನಿಗೆ ಮಂತ್ರಕ್ಕಿಂತ ಮೋಟಾರಿನ ಸಪ್ಪಳ ಸೇರಿತು. ಹದಿನಾರು ವರ್ಷ ಇನ್ನೊಬ್ಬರ ಲಾರಿ, ಇನ್ನೊಬ್ಬರ ಜೀಪು ಹೊಡೆದ. ಊರಲ್ಲಿ ಅವನಿಗೆ 'ಡ್ರೈವರ್ ಭಟ್ಟರು' ಎಂದೇ ಹೆಸರು. ರಸ್ತೆಯಲ್ಲಿ ಹಾಯುವ ಗಾಡಿಯ ಸಪ್ಪಳ ಕೇಳಿಯೇ ಯಾವ ವಾಲ್ವು ಸಡಿಲಾಗಿದೆ ಎಂದು ಹೇಳುತ್ತಿದ್ದ. ಕಟ್ಟೆಯ ಮೇಲೆ ಕೂತವರು ಪಂದ್ಯ ಕಟ್ಟಿ ಅವನನ್ನು ಕೇಳುವುದೂ ಇತ್ತು. ಬಾಡಿಗೆಗೆ ಓಡಿಸಲು ಸ್ವಂತದೊಂದು ಕಾರು ಬೇಕೆಂದು ಇಷ್ಟು ವರ್ಷ ಉಳಿಸಿದ್ದಕ್ಕೆ ಹೆಂಡತಿ ರಾಧಾಬಾಯಿ ತನ್ನ ತವರಿನ ಮನೆಯ ಪಾಲು ಮಾರಿ ಬಂದದ್ದನ್ನು ಕೂಡಿಸಿದಳು. ಬೈಲಹೊಂಗಲದ ಅರಳೆ ವ್ಯಾಪಾರಿ ಬಸಲಿಂಗಪ್ಪನವರು ಪೆಟ್ರೋಲು ತುಟ್ಟಿಯಾಯಿತೆಂದು ಕಾರು ಮಾರುತ್ತಾರೆ ಎಂಬ ಸುದ್ದಿ ಬಂದಾಗ ವೆಂಕಣ್ಣ ತಾನೇ ಹೋಗಿ ನೋಡಿದ. ಬಾನೆಟ್ಟು ಎತ್ತಿದ, ಕೆಳಗೆ ತೂರಿದ, ಕಿತ್ತೂರಿನ ತನಕ ಓಡಿಸಿ ತಿರುಗಿಸಿಕೊಂಡು ಬಂದ. ಎಲ್ಲೂ ಒಂದು ಅಪಸ್ವರವಿಲ್ಲ. 'ಗಾಡಿ ಪೂರಾ ತಪಾಸ ಮಾಡಿ, ಪಸಂದಾಗಿ ತೆಗೆದುಕೊಂಡಿದ್ದೇನೆ' ಎಂದು ಬರೆದ ಕಾಗದಕ್ಕೆ ಖುಷಿಯಿಂದಲೇ ಸಹಿ ಹಾಕಿದ್ದ.

ಗೇರ್‌ಬಾಕ್ಸು ಒಂದೇ ಅಲ್ಲ. ಮಹಾಂತಪ್ಪ ಸಂಜೆಯೊಳಗೆ ಇಂಜಿನ್ನಿನ ಬ್ಲಾಕಿನಲ್ಲೂ ಗೇಣುದ್ದದ ಬಿರುಕು ತೋರಿಸಿದ. ಅದಕ್ಕೆ ಪುಟ್ಟಿಯ ಲಪ್ಪ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರು. ಎರಡನ್ನೂ ರಿಪೇರಿ ಮಾಡಿಸಬೇಕೆಂದರೆ ಕಾರಿನ ಬೆಲೆಯ ಅರ್ಧ ಆಗುತ್ತಿತ್ತು.

ಮನೆಗೆ ಬಂದು ಹೇಳಿದಾಗ ರಾಧಾಬಾಯಿ ಅಳಲಿಲ್ಲ, ಬೈಯಲೂ ಇಲ್ಲ. ತಾಟಿಗೆ ಅನ್ನ ಬಡಿಸುತ್ತ ಒಂದೇ ಮಾತು ಕೇಳಿದಳು.

"ನಿಮಗ ಗೊತ್ತಾಗಲಿಲ್ಲೇನು?"

ಅವಳು ಚುಚ್ಚಲೆಂದು ಕೇಳಿರಲಿಲ್ಲ, ನಿಜವಾಗಿಯೂ ಅವಳಿಗೆ ಆಶ್ಚರ್ಯವಾಗಿತ್ತು. ಆ ಆಶ್ಚರ್ಯವೇ ವೆಂಕಣ್ಣನಿಗೆ ನಾಟಿತು. ಅರ್ಧ ಊಟಕ್ಕೆ ಕೈ ತೊಳೆದ.

ಮರುದಿನ ಬೈಲಹೊಂಗಲಕ್ಕೆ ಹೋದ. ಮಾರ್ಕೆಟ್ಟಿನ ಅಂಗಡಿಯಲ್ಲಿ ಬಸಲಿಂಗಪ್ಪನವರು ಗಾದಿಯ ಮೇಲೆ ಕೂತಿದ್ದರು, ಸುತ್ತ ಅರಳೆ ತಂದ ರೈತರು. ಬಸಲಿಂಗಪ್ಪನವರು ದನಿ ಏರಿಸುವ ಮನುಷ್ಯರಲ್ಲ. ಚಹಾ ತರಿಸಿದರು, ಎಲ್ಲ ಕೇಳಿಕೊಂಡರು, ಹೌದೇ ಹೌದೇ ಎಂದು ಮರುಗಿದರು. ಆಮೇಲೆ ಕೂತವರ ಕಡೆ ತಿರುಗಿ ಹೇಳಿದರು: "ನಾ ಅರಳಿ ನೋಡಾಂವ. ಗಾಡಿ ಒಳಗ ಏನೈತಿ ನನಗೇನ ತಿಳೀತೈತ್ರಿ? ಇವರು ಹದಿನಾರ ವರ್ಷ ಸ್ಟೇರಿಂಗ್ ಹಿಡದವ್ರು. ಇವರಿಗೆ ಗೊತ್ತಾಗಲಾರದ್ದು ನನಗ ಗೊತ್ತಾಗಬೇಕಿತ್ತಂತ."

ಕೂತವರು ನಕ್ಕರು. ದೊಡ್ಡ ನಗೆಯೇನಲ್ಲ, ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕ ನಗೆ. ವೆಂಕಣ್ಣ ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ನೋಡಿಕೊಂಡರೆ ಕಿವಿ ಇನ್ನೂ ಬಿಸಿಯಾಗಿತ್ತು.

ರಾಧಾಬಾಯಿಯ ಸೋದರಮಾವ ದಿಗಂಬರರಾಯರು ಬೈಲಹೊಂಗಲದಲ್ಲೇ ವಕೀಲರು. ಅವರ ಹತ್ತಿರ ಹೋಗುವಂತೆ ಅವಳೇ ಹಟ ಹಿಡಿದಳು. ದಿಗಂಬರರಾಯರು ಕಾಗದ ಓದಿ, ಕನ್ನಡಕ ತೆಗೆದು, ಕಾಯ್ದೆ ಏನು ಹೇಳುತ್ತದೆ ಎಂದು ಬಿಡಿಸಿ ಹೇಳಿದರು. ನೋಡಿದರೆ ಕಾಣುವಂಥ ದೋಷವಿದ್ದು, ನೋಡಿಯೂ ಕೊಂಡರೆ ಅದು ಕೊಂಡವನ ಹಣೆಬರಹ. ಆದರೆ ಕಾಣಬಾರದೆಂದೇ ಮುಚ್ಚಿಟ್ಟ ದೋಷಕ್ಕೆ ಮುಚ್ಚಿಟ್ಟವನೇ ಹೊಣೆ. ಸಹಿ ಹಾಕಿದ ಕಾಗದ ಅಲ್ಲಿ ನಡೆಯುವುದಿಲ್ಲ. ಮಹಾಂತಪ್ಪನ ಡಬ್ಬಿ ಹಾಗೇ ಇದೆ, ಅವನು ಸಾಕ್ಷಿ ಹೇಳಲು ತಯಾರಿದ್ದಾನೆ. ಇನ್ನು ಉಳಿದದ್ದು ಒಂದು.

"ನೀ ಕಟಕಟೀ ಒಳಗ ನಿಂತು ನಿನ್ನ ಬಾಯಿಂದ ಹೇಳಬೇಕಾಗ್ತದ ವೆಂಕಣ್ಣಾ. ನಾ ನೋಡಿದೆ, ನನಗ ಗೊತ್ತಾಗಲಿಲ್ಲ ಅಂತ. ಅವರ ವಕೀಲ ಅದನ್ನ ಹತ್ತು ಸಲ ಕೇಳತಾನ."

ವಿಚಾರ ಮಾಡಿ ಹೇಳುತ್ತೇನೆಂದು ವೆಂಕಣ್ಣ ಎದ್ದು ಬಂದ. ವಿಚಾರ ಎರಡು ತಿಂಗಳು ನಡೆಯಿತು. ಕಾರು ಮನೆಯ ಮುಂದೆ ತಾಡಪತ್ರಿ ಹೊದ್ದು ನಿಂತಿತು. ಅವನು ಮತ್ತೆ ಇನ್ನೊಬ್ಬರ ಲಾರಿ ಹತ್ತಿದ. ಕೇಳಿದವರಿಗೆ, ಒಂದು ಸಾಮಾನು ಮುಂಬಯಿಯಿಂದ ಬರಬೇಕಾಗಿದೆ ಎಂದು ಹೇಳುತ್ತಿದ್ದ. ರಾಧಾಬಾಯಿ ಆ ಮಾತು ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದಳು. ಕಟ್ಟೆಯ ಮೇಲೆ ಈಗ ಯಾರೂ ಪಂದ್ಯ ಕಟ್ಟುತ್ತಿರಲಿಲ್ಲ, ಅಥವಾ ಅವನೇ ಆ ದಾರಿ ಬಿಟ್ಟಿದ್ದ.

ಒಂದು ದಿನ ಎಂ.ಕೆ. ಹುಬ್ಬಳ್ಳಿಯಿಂದ ಸಂಗಪ್ಪ ಎಂಬ ಕಬ್ಬು ಬೆಳೆಗಾರ ಹುಡುಕಿಕೊಂಡು ಬಂದ. ಕಿತ್ತೂರಿನಲ್ಲಿ ಒಂದು ಹಳೆಯ ಜೀಪು ಮಾರಾಟಕ್ಕಿದೆ, ಅದನ್ನು ನೋಡಿ ಹೇಳಬೇಕು ಎಂಬುದು ಅವನ ಬೇಡಿಕೆ. ಹತ್ತು ವರ್ಷದ ಹಿಂದೆ ವೆಂಕಣ್ಣ ಅವನ ಕಬ್ಬು ಹೇರಿದ ಲಾರಿ ಹೊಡೆದಿದ್ದನಂತೆ, ಆ ನಂಬಿಗೆ. ಇಬ್ಬರೂ ಹೋದರು. ವೆಂಕಣ್ಣ ಜೀಪನ್ನು ಚಾಲೂ ಮಾಡಿದ, ನಾಲ್ಕು ಮೈಲು ಓಡಿಸಿದ. ಎಲ್ಲೂ ಅಪಸ್ವರವಿಲ್ಲ. ಇಳಿದು ನಿಂತಾಗ ಸಂಗಪ್ಪ ಅವನ ಮುಖವನ್ನೇ ನೋಡುತ್ತಿದ್ದ, ಕೈ ಅಂಗಿಯೊಳಗಿನ ಹಣದ ಗಂಟಿನ ಮೇಲಿತ್ತು.

"ಏನಂತೀರಿ? ನೀವು ಹೂಂ ಅಂದ್ರ ಸಾಕು."

ಒಂದು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ವೆಂಕಣ್ಣನಿಗೆ ತಲೆ ಆಡಿಸಲಾಗಲಿಲ್ಲ. ಸಂಗಪ್ಪನನ್ನು ದೂರ ಕರೆದುಕೊಂಡು ಹೋಗಿ ಬೇವಿನ ಗಿಡದ ಕೆಳಗೆ ನಿಂತು ಹೇಳಿದ:

"ಬಿಚ್ಚಿ ನೋಡದ ನನಗ ಹೇಳಲಿಕ್ಕೆ ಬರಂಗಿಲ್ಲ. ಹಿಂಗ ಓಡಿಸಿ ನೋಡಿನ ನಾ ಒಂದು ಕಾರ ತೊಗೊಂಡೆ. ಮೋಸ ಹೋದೆ."

ಹೇಳಿಯಾದ ಮೇಲೆ ಸಂಗಪ್ಪ ನಗುತ್ತಾನೆಂದು ಕಾದ. ಸಂಗಪ್ಪ ನಗಲಿಲ್ಲ. ಎಲೆ-ಅಡಿಕೆಯ ಚೀಲ ತೆಗೆದು ಅಲ್ಲೇ ಕೂತ.

"ನಮ್ಮಪ್ಪ ನಲವತ್ತ ವರ್ಷ ಎತ್ತಿನ ಯಾಪಾರ ಮಾಡಿದಾಂವ್ರಿ," ಎಂದ. "ಹಲ್ಲ ಅರದಿಂದ ತಿಕ್ಕಿ, ಎಳೀದೈತಿ ಅಂತ ಅವಗೊಂದು ಮುದಿ ಎತ್ತ ಗಂಟ ಹಾಕಿದ್ರು. ಸಾಯೂಮಟ ಯಾರ ಮುಂದೂ ಹೇಳಲಿಲ್ಲ. ಆ ಎತ್ತಿಗೆ ಏನೋ ಬ್ಯಾನಿ ಬಂದೈತಿ ಅಂತಿದ್ದ. ನಮ್ಮವ್ವ ಹೇಳಿದ್ಲು, ಅಂವ ಹ್ವಾದಮ್ಯಾಲ."

ಜೀಪನ್ನು ಬಿಚ್ಚಿಸಿ ನೋಡಿದರು. ಸವೆತವಿತ್ತು, ಮೋಸವಿರಲಿಲ್ಲ. ಸಂಗಪ್ಪ ಬೆಲೆ ಇಳಿಸಿ ಕೊಂಡ. ವೆಂಕಣ್ಣ ಸವದತ್ತಿಯ ಬಸ್ಸು ಹತ್ತದೆ ಬೈಲಹೊಂಗಲದ ಬಸ್ಸು ಹತ್ತಿದ, ದಿಗಂಬರರಾಯರ ಮನೆಗೆ ಹೋಗಿ ದಾವೆ ಹಾಕಿರಿ ಎಂದ.

ಕೋರ್ಟಿನಲ್ಲಿ ಹೇಳಿಕೆಯ ದಿನ ಬರುವ ಹೊತ್ತಿಗೆ ಮುಂದಿನ ಸುಗ್ಗಿ ಬಂದಿತ್ತು. ಬಸಲಿಂಗಪ್ಪನವರು ಬಿಳಿ ರುಮಾಲು ಸುತ್ತಿ ಮುಂದಿನ ಬೆಂಚಿನ ಮೇಲೆ ಕೂತಿದ್ದರು. ಮಾರ್ಕೆಟ್ಟಿನ ಮಂದಿಯೂ ಇದ್ದರು. ಹಿಂದೆ ಗೋಡೆಗೆ ಆತು ರಾಧಾಬಾಯಿ ನಿಂತಿದ್ದಳು. ಮಹಾಂತಪ್ಪನ ಸಾಕ್ಷಿ ಮುಗಿದ ಮೇಲೆ ವೆಂಕಣ್ಣನ ಪಾಳಿ ಬಂತು. ಬಸಲಿಂಗಪ್ಪನವರ ವಕೀಲ ಮೊದಲು ಅವನನ್ನು ಹೊಗಳಿದ. ಎಷ್ಟು ವರ್ಷದ ಅನುಭವ, ಎಂಥೆಂಥ ಗಾಡಿ, ಸಪ್ಪಳದ ಮೇಲೆ ದೋಷ ಹೇಳುವುದು ನಿಜವೇ ಎಂದೆಲ್ಲ ಕೇಳಿದ. ವೆಂಕಣ್ಣ ಎಲ್ಲಕ್ಕೂ ಹೌದೆಂದ. ಆಮೇಲೆ ವಕೀಲ ಕಾಗದ ಎತ್ತಿ ತೋರಿಸಿ ಕೇಳಿದ: ಇಂಥ ಮನುಷ್ಯ ಕಿತ್ತೂರಿನ ತನಕ ಓಡಿಸಿ, ಕೆಳಗೆ ತೂರಿ ನೋಡಿ, ಸಹಿ ಹಾಕಿ, ಈಗ ಬಂದು ಗೊತ್ತಾಗಲಿಲ್ಲ ಎನ್ನುತ್ತಾನೆ. ಒಂದೋ ನೀವು ಚಲೋ ಡ್ರೈವರ್ ಅಲ್ಲ, ಇಲ್ಲವೇ ನಿಮಗೆ ಗೊತ್ತಿತ್ತು. ಯಾವುದು?

ಕಟಕಟೆಯ ಕಟ್ಟಿಗೆಯ ಮೇಲೆ ವೆಂಕಣ್ಣನ ಕೈ ಸ್ಟೇರಿಂಗ್ ಹಿಡಿದ ಹಾಗೇ ಇತ್ತು. ಅವನು ವಕೀಲನ ಕಡೆ ನೋಡದೆ ನ್ಯಾಯಾಧೀಶರ ಕಡೆ ನೋಡಿ ಹೇಳಿದ.

"ನನಗ ಗೊತ್ತಾಗಲಿಲ್ಲ ಸಾಹೇಬ್ರ. ಡ್ರೈವರ್ ಚಲೋನ ಇದ್ದೀನಿ. ಗಾಡಿ ತಿಳೀಲಾರದವಗ ಮಾರೂದಿದ್ರ ಆ ಹೊಟ್ಟು ತುಂಬೂ ತ್ರಾಸ ಯಾರೂ ತೊಗೋತಿದ್ದಿಲ್ಲ. ತಿಳಿಯಾಂವ ಬರತಾನಂತನ ತುಂಬ್ಯಾರ."

ನ್ಯಾಯಾಧೀಶರು ಬರೆಯುತ್ತಿದ್ದ ಕೈ ನಿಲ್ಲಿಸಿ ಒಂದು ಸಲ ತಲೆ ಎತ್ತಿದರು, ಮತ್ತೆ ಬರೆದುಕೊಂಡರು. ವಕೀಲ ಇನ್ನೂ ಎರಡು ಪ್ರಶ್ನೆ ಕೇಳಿ ಕೂತ. ಈ ಸಲ ಮಾರ್ಕೆಟ್ಟಿನವರ ಟವೆಲ್ಲು ಬಾಯಿಗೆ ಹೋಗಲಿಲ್ಲ.

ತೀರ್ಪಿನ ತನಕ ಹೋಗಲಿಲ್ಲ. ಮುಂದಿನ ತಾರೀಖಿನ ಮೊದಲೇ ಬಸಲಿಂಗಪ್ಪನವರು ರಾಜಿಗೆ ಹೇಳಿ ಕಳಿಸಿದರು. ಕಾರು ತಿರುಗಿ ತೆಗೆದುಕೊಳ್ಳಲು ಒಪ್ಪಲಿಲ್ಲ. ಗೇರ್‌ಬಾಕ್ಸು, ಬ್ಲಾಕು ಎರಡರ ಖರ್ಚನ್ನೂ ಕೊಟ್ಟರು. ಕಳೆದುಹೋದ ದುಡಿಮೆಯ ದಿನಗಳಿಗೆ ಏನೂ ಇಲ್ಲ. ದಿಗಂಬರರಾಯರಿಗೆ ಅದು ಕಡಿಮೆ ಎನಿಸಿತು, ಇನ್ನೂ ಎಳೆಯಬಹುದು ಎಂದರು. ವೆಂಕಣ್ಣ ಸಾಕು ಮಾಮಾ ಎಂದ. ಸಹಿ ಹಾಕುವ ಮುಂದೆ ಈ ಸಲದ ಕಾಗದವನ್ನು ಎರಡು ಸಲ ಓದಿದ.

ಮಹಾಂತಪ್ಪ ಹದಿನೈದು ದಿನ ಹಿಡಿದು ಕೆಲಸ ಮುಗಿಸಿದ. ಒಂದು ಬುಧವಾರ ಬೆಳಿಗ್ಗೆ ರಾಮದುರ್ಗದ ಬಾಡಿಗೆ ಬಂತು. ಶಟ್ಟೆವ್ವ ಎಂಬ ಮುದುಕಿ, ಅವಳ ಮಗ, ಸೊಸೆ, ಬಾಣಂತಿಯಾದ ಮೊಮ್ಮಗಳನ್ನು ನೋಡಲು ಹೊರಟವರು. ಮುದುಕಿ ಹಿಂದೆಂದೂ ಕಾರು ಹತ್ತಿದವಳಲ್ಲ. ತೊಡೆಯ ಮೇಲೆ ಅಂಟಿನುಂಡೆಯ ಡಬ್ಬಿ ಇಟ್ಟುಕೊಂಡು, ಎರಡೂ ಕೈಯಿಂದ ಮುಂದಿನ ಸೀಟು ಬಿಗಿಯಾಗಿ ಹಿಡಿದು, ಊರು ದಾಟಿದರೂ ದೇವರ ಹೆಸರು ಹೇಳುತ್ತಲೇ ಇದ್ದಳು. ಜೋಳದ ಹೊಲಗಳ ನಡುವೆ ರಸ್ತೆ ಸಪಾಟಾಯಿತು. ಮೂರನೆಯ ಮೈಲಿಗಲ್ಲಿನ ಹತ್ತಿರ ಹಿಂದೆ ದೇವರ ಹೆಸರು ನಿಂತದ್ದು ತಿಳಿದು ವೆಂಕಣ್ಣ ಕನ್ನಡಿಯಲ್ಲಿ ನೋಡಿದ. ಶಟ್ಟೆವ್ವನ ಕೈಗಳು ಸೀಟು ಬಿಟ್ಟಿದ್ದವು. ತಲೆ ಸೊಸೆಯ ಹೆಗಲ ಮೇಲೆ ವಾಲಿ, ಬಾಯಿ ಅರೆ ತೆರೆದು, ನಿದ್ದೆ ಹತ್ತಿತ್ತು. ಮುಂದೆ ರಸ್ತೆಯಲ್ಲಿ ಒಂದು ತಗ್ಗಿತ್ತು. ವೆಂಕಣ್ಣ ಗೇರು ಇಳಿಸಿ, ತುಂಬಿದ ಕೊಡ ದಾಟಿಸುವವನ ಹಾಗೆ, ಗಾಲಿಗಳನ್ನು ಒಂದೊಂದಾಗಿ ಅದರೊಳಗೆ ಇಳಿಸಿ ಮೆಲ್ಲಗೆ ಹತ್ತಿಸಿದ.