ವಾರಕ್ಕೊಬ್ಬ ಬೂದೆಮ್ಮ

“ಯಾವಾಕಿಲೇ ಅಕಿ ಬೂದೆಮ್ಮ? ಸಾಯೋದಿದ್ರ ಮನ್ಯಾಗ ಸಾಯ್ರಿ ರಂಡೇರಾ, ನನ್ನ ಮಿಲ್ಲಿಗ್ಯಾಕ ಸಾಯಾಕ ಬರ್ತೀರಿ!”

ಅಕ್ಕಿ ಮಿಲ್ಲಿನ ಮಾಲೀಕ ವಿರೂಪಣ್ಣ ಸಾಹುಕಾರ ಮೂಗಿಗೆ ವಸ್ತ್ರ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ತೌಡಿನ ಚೀಲ ಹೊಲಿಯುವುದು ಬಿಟ್ಟು ಎದ್ದೆ. ಬೂದೆಮ್ಮ ಅಂದರೆ ನಾನೇ. ನಾನು ಸಾಯುವ ಸುದ್ದಿ ಮಾತ್ರ ನನಗೇ ಗೊತ್ತಿರಲಿಲ್ಲ.

ಅಂಗಳದಲ್ಲಿ ದವಾಖಾನೆಯ ವ್ಯಾನು ನಿಂತಿತ್ತು. ಪ್ರಿಯದರ್ಶಿನಿ ಅನ್ನುವ ಹೊಸ ಡಾಕ್ಟರಮ್ಮ ಓಡಿ ಬಂದು ನನ್ನ ರಟ್ಟೆ ಹಿಡಿದಳು.

“ನಡೀಬ್ಯಾಡ್ರಿ, ಕುಂದರ್ರಿ! ಹಳೇ ದಮ್ಮಿನವ್ರು ಯಾರ್ಯಾರದಾರ ಅಂತ ಕಂಪ್ಯೂಟರಿನ್ಯಾಗ ಹುಡುಕಾಕತ್ತೀವಿ. ಎಲ್ಲಾರಿಗಿಂತ ಮ್ಯಾಲೆ ನಿಮ್ಮ ಹೆಸರು ಬಂತು. ವಾರಾ ವಾರಾ ಕೆಮ್ಮು, ದಮ್ಮು. ತೂಕ ಒಂದು ವಾರ ನಾಲ್ವತ್ತು ಕಿಲೋ, ಮುಂದಿನ ವಾರ ಅರವತ್ತು! ಹ್ಯಾಂಗ ಬದುಕೀರಿ ಅಂತ ನಮಗ ಗಾಬರಿ ಆತು.”

ಹಿಂದೆ ನಿಂತ ನಮ್ಮ ಹೆಂಗಸರು ಬಿದ್ದು ಬಿದ್ದು ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು.

ನನಗೆ ಹುಟ್ಟಿದಾಗಿನಿಂದ ಕೆಮ್ಮಿಲ್ಲ. ಆದರೆ ನಮ್ಮೊಳಗೆ ಫೋನಿದ್ದದ್ದು ನನ್ನೊಬ್ಬಳ ಹತ್ತಿರವೇ. ಫೋನಿಲ್ಲದವರಿಗೆ ಕಾರ್ಡು ಮಾಡುವುದಿಲ್ಲ ಎಂದು ದವಾಖಾನೆಯ ಕಿಟಕಿಯವನು ಗದರಿಸಿ ಅಟ್ಟಿದ್ದ. ಸಾಹುಕಾರನೋ ವಾರಕ್ಕೆ ಒಬ್ಬಳನ್ನಷ್ಟೇ ಹೊರಗೆ ಬಿಡುವವನು. ಅದಕ್ಕೇ ಸರದಿ ಹಚ್ಚಿದ್ದೆವು. ಯಾರ ಸರದಿಯೋ ಅವಳೇ ಆ ವಾರದ ಬೂದೆಮ್ಮ. ನನ್ನ ಕಾರ್ಡು ಹಿಡಿದು ಹೋಗುವುದು, ಕೆಮ್ಮುವುದು, ತಂದ ಔಷಧವನ್ನು ಎಲ್ಲರೂ ಮುಚ್ಚಳದಲ್ಲಿ ಹಂಚಿಕೊಂಡು ಕುಡಿಯುವುದು. ಅಲ್ಲಿ ನಮ್ಮ ಮುಖ ನೋಡುವವರಾದರೂ ಯಾರು?

ನಮ್ಮೊಳಗೆ ನೂರ್ ಬೀಯದೇ ಕಷ್ಟ. ಈಚೆಗೆ ಒಂದು ಬುಟ್ಟಿ ಎತ್ತಿದರೆ ಅವಳ ತುಟಿ ನೀಲಿಯಾಗುತ್ತಿತ್ತು. ಮುಚ್ಚಳದ ಔಷಧ ಅವಳಿಗೆ ಎಲ್ಲಿಗೂ ಸಾಲದು. ಇವಳು ಒಂದು ದಿನ ಇಲ್ಲೇ ಚೀಲಗಳ ನಡುವೆ ಹೋಗಿಬಿಡುತ್ತಾಳೆ ಎಂದು ನನಗೆ ಭಯವಾಗುತ್ತಿತ್ತು.

ಡಾಕ್ಟರಮ್ಮ ನನ್ನ ಎದೆಗೆ ಕೊಳವೆ ಇಟ್ಟಳು, ಬೆನ್ನಿಗಿಟ್ಟಳು. “ನಿಮ್ಮ ಎದಿ ಸಾಫ್ ಅದಲ್ರೀ!”

“ಹೌದ್ರೀ. ಹಾಳಾಗಿದ್ದು ಇವ್ರದು,” ಎಂದು ಎಲ್ಲವನ್ನೂ ಹೇಳಿಬಿಟ್ಟೆ.

“ಕಳ್ಳ ರಂಡೇರು!” ಸಾಹುಕಾರ ಹಾರಾಡಿದ. “ಪೊಲೀಸ್ರಿಗೆ ಕೊಡ್ರಿ ಇವ್ರನ್ನ. ಧೂಳಿನಿಂದ ಏನಾಕ್ಕದ? ಅನ್ನದ ಧೂಳದು, ಪ್ರಸಾದ ಇದ್ದಂಗ!”

“ಪ್ರಸಾದಕ್ಕ ಮೂಗು ಯಾಕ ಮುಚ್ಚೀರಿ ಸಾವ್ಕಾರ್ರ?” ಅಂದೆ.

ಅವನ ಮುಖ ಕೆಂಪಾಯಿತು. ಡಾಕ್ಟರಮ್ಮ ಮೆಲ್ಲಗೆ ಅಂದಳು, “ನಾನು ಬೂದೆಮ್ಮ ಅನ್ನಾಕಿನ್ನ ರಾಯಚೂರಿನ ದೊಡ್ಡ ದವಾಖಾನಿಗೆ ಒಯ್ಯಾಕ ಬಂದೀನ್ರೀ. ಒಬ್ಬರ ಹೆಸರಿಗೇ ಗಾಡಿ ಬಂದದ.”

“ಒಯ್ರಿ ಅಕಿನ್ನ, ಪೀಡಾ ಹೋಗ್ಲಿ! ಉಳಿದವ್ರು ಒಳಗ ನಡೀರಿ, ಮಿಷಿನ್ ಖಾಲಿ ತಿರಗಾಕತ್ತದ.”

ನಾನು ನೂರ್ ಬೀಯ ಕೈ ಹಿಡಿದೆಳೆದೆ. “ಏಳಬೇ ಬೂದೆಮ್ಮ, ಗಾಡಿ ಹತ್ತು.”

ಅವಳು ನನ್ನನ್ನೇ ನೋಡಿದಳು. ನಕ್ಕಳು. ಒಂದೊಂದೇ ಕಾಲೆತ್ತಿ ವ್ಯಾನು ಹತ್ತಿದಳು.

ಬಸವಂತಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಹ್ವಾದ ವಾರದ ಬೂದೆಮ್ಮ ನಾನ್ರೀ.”

“ಅದರ ಹಿಂದಿನ ವಾರದಾಕಿ ನಾನು. ಸರಕೋ ಬೇ!” ಅಸ್ಮತ್ ಅವಳನ್ನು ನೂಕಿಕೊಂಡೇ ಹತ್ತಿದಳು. ಆಮೇಲೆ ತಡೆಯೇ ಇಲ್ಲ, ತೌಡು ಮೆತ್ತಿದ ಬೂದೆಮ್ಮಂದಿರು ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದರು. ಬಾಗಿಲಿಗೆ ಅಡ್ಡ ಇಟ್ಟಿದ್ದ ತನ್ನ ಕೈಯನ್ನು ಡಾಕ್ಟರಮ್ಮ ತೆಗೆದಳು. “ಒತ್ತಿ ಕುಂದರ್ರಿ, ಆ ಅಮ್ಮಗ ಗಾಳಿ ಬಿಡ್ರಿ,” ಅಂದಳು.

“ನಾಳಿಂದ ಗೇಟಿನ್ಯಾಗ ಕಾಲಿಟ್ರ ಕಾಲ್ಮುರೀತೀನಿ!” ಸಾಹುಕಾರ ವ್ಯಾನಿಗೆ ಅಡ್ಡ ನಿಂತ. “ಒಬ್ಬಾಕಿನೂ ಹೋಗಂಗಿಲ್ಲ!”

ಗಟ್ಟಿಮುಟ್ಟಾದ ನನಗೆ ವ್ಯಾನಿನಲ್ಲೇನು ಕೆಲಸ? ನೆಟ್ಟಗೆ ಮಿಲ್ಲಿನೊಳಗೆ ಹೋಗಿ ಮಿಷನ್ನಿನ ಹಿಡಿಕೆ ಕೆಳಗೆಳೆದೆ.

ಗಡಗಡ ಸದ್ದು ನಿಂತಿತು. ನಮ್ಮೂರು ಪೋತ್ನಾಳದ ಮಂದಿ ಆ ಸದ್ದಿಲ್ಲದ ಹಗಲನ್ನೇ ಕಂಡಿರಲಿಲ್ಲ. ನಾನು ಹೊರಗೆ ಬರುತ್ತಲೇ ವ್ಯಾನಿನೊಳಗಿಂದ ನಮ್ಮವರ ಕೆಮ್ಮು ಎದ್ದಿತು, ಒಬ್ಬಳದು ಮುಗಿಯುವುದರೊಳಗೆ ಇನ್ನೊಬ್ಬಳದು, ರಸ್ತೆಯ ತನಕ. ಚಹಾದಂಗಡಿಯಲ್ಲಿ ಕುಳಿತವರು ಗ್ಲಾಸು ಹಿಡಿದೇ ಗೇಟಿಗೆ ಬಂದರು.

“ಏನಾತಬೇ ಯವ್ವಾ? ಯಾರು ಹಿಂಗ ಕೆಮ್ಮಾಕತ್ಯಾರ?”

“ನಿಮಗ ಅಕ್ಕಿ ಮಾಡಿ ಕೊಟ್ಟವ್ರು,” ಅಂದೆ. “ಬರ್ರಿ, ಸಾವ್ಕಾರನ್ನ ಆಚಿ ಸರಸ್ರಿ, ಗಾಡಿ ಹೋಗಬೇಕಾಗ್ಯದ.”

ಗ್ಲಾಸು ಕೆಳಗಿಟ್ಟು ಅವರು ಒಳಗೆ ಬಂದರು.