ಅಕ್ಕ ಮಲಗಿಸಿಟ್ಟ ಯಂತ್ರ

ಅಕ್ಕ ತೀರಿಕೊಂಡು ಎಂಟು ತಿಂಗಳಾದ ಮೇಲೆ ಭಾವ ಫೋನ್ ಮಾಡಿದರು. "ಅವಳ ಕಂಪ್ಯೂಟರ್ ಖಾಲಿ ಮಾಡಿಕೊಡು. ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ." ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಭಾನುವಾರ ಬೆಳಿಗ್ಗೆಯೇ ಹೋದೆ.

ಅಕ್ಕ ನಕ್ಷೆ ಬರೆಯುವವಳು. ಅವಳ ಕೈಗೆ ಪಳಗಿದ ಹಳೆಯ ಪ್ರೋಗ್ರಾಂಗಳು ಹೊಸ ಕಂಪ್ಯೂಟರಿನಲ್ಲಿ ನಡೆಯುತ್ತಿರಲಿಲ್ಲ. ಅದಕ್ಕೇ ಅದರೊಳಗೆ ನಾಲ್ಕು ವರ್ಚುವಲ್ ಮಷೀನ್ ಸಾಕಿಕೊಂಡಿದ್ದಳು. ಒಂದೊಂದೂ ತಾನೇ ಬೇರೆ ಕಂಪ್ಯೂಟರ್ ಎಂದುಕೊಂಡು ನಡೆಯುವಂಥದ್ದು. ಮೌಸ್ ಮುಟ್ಟುತ್ತಿರಲಿಲ್ಲ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿಯೇ ಅವನ್ನು ಎಬ್ಬಿಸುವುದು, ಮಲಗಿಸುವುದು.

"ನನಗಿಂತ ಅವೇ ಅವಳ ಮಾತು ಜಾಸ್ತಿ ಕೇಳ್ತಿದ್ವು" ಎಂದರು ಭಾವ. ಬಾಗಿಲಲ್ಲೇ ನಿಂತಿದ್ದರು, ಕೋಣೆಯೊಳಗೆ ಕಾಲಿಡಲಿಲ್ಲ.

ಪಟ್ಟಿ ತೋರಿಸುವ ಆಜ್ಞೆ ಕೊಟ್ಟೆ. ಮೂರು ಮಷೀನ್ ಆಫ್ ಆಗಿದ್ದವು. ನಾಲ್ಕನೆಯದನ್ನು ಅಕ್ಕ ಕೆಲಸದ ನಡುವೆಯೇ ಮಲಗಿಸಿಟ್ಟಿದ್ದಳು. ಅಂಥದ್ದನ್ನು ಎಬ್ಬಿಸಿದರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಅಳಿಸುವ ಮೊದಲು ಒಮ್ಮೆ ನೋಡೋಣವೆಂದು ಎಬ್ಬಿಸಿದೆ.

ಅರ್ಧ ಬರೆದ ಕೆರೆಯ ನಕ್ಷೆ ತೆರೆದುಕೊಂಡಿತು. ಪರದೆಯ ಮೂಲೆಯ ಗಡಿಯಾರ ಇನ್ನೂ ಅಕ್ಕ ತೀರಿಕೊಂಡ ದಿನದಲ್ಲೇ ಇತ್ತು. ನೋಡನೋಡುತ್ತಿದ್ದಂತೆ ಕೆರೆಯ ನಡುವೆ ಅಕ್ಷರಗಳ ಒಂದು ಸಾಲು ಮೂಡತೊಡಗಿತು. ನನ್ನ ಎರಡೂ ಕೈ ತೊಡೆಯ ಮೇಲಿದ್ದವು.

ನಿಮ್ ಭಾವನ್ನ ಸ್ವಲ್ಪ ಆಚೆ ಕಳ್ಸು.

ಮನೆಯ ಇಂಟರ್ನೆಟ್ಟನ್ನು ಭಾವ ಎಂದೋ ತೆಗೆಸಿದ್ದರು. ಹೊರಗಿನಿಂದ ಯಾರೂ ಟೈಪ್ ಮಾಡುವಂತಿರಲಿಲ್ಲ.

"ಭಾವ, ಕುಡಿಯೋಕೆ ನೀರು ತರ್ತೀರಾ?"

ಅವರು ಅಡುಗೆಮನೆಗೆ ಹೋದರು. ಅಕ್ಷರಗಳು ಬೇಗ ಬೇಗ ಬಂದವು.

ಅವತ್ತು ಅವರಿಗೆ ಮೂರು ಸಲ ಫೋನ್ ಮಾಡಿದ್ದೆ. ಎತ್ತಲಿಲ್ಲ ಅಂತ ಒಳಗೊಳಗೇ ಕೊರಗ್ತಿದಾರೆ. ಫೋನು ಬ್ಯಾಗಲ್ಲಿ ತಾನಾಗೇ ಒತ್ತಿಹೋಗಿತ್ತಂತೆ ಅನ್ನು.

"ನಿಜವಾಗ್ಲೂ ಹಾಗೇ ಆಯ್ತಾ, ಅಕ್ಕ?" ಎಂದು ಪಿಸುಗುಟ್ಟಿದೆ.

ಕರ್ಸರ್ ಮಿನುಗುತ್ತಲೇ ಇತ್ತು. ಭಾವನ ಹೆಜ್ಜೆ ಸಪ್ಪಳ ಹತ್ತಿರವಾದಾಗ ನಕ್ಷೆ ತಾನಾಗಿ ಮುಚ್ಚಿಕೊಂಡಿತು.

ಲೋಟ ಇಸಿದುಕೊಂಡು ಹೇಳಿಬಿಟ್ಟೆ. "ಅವತ್ತು ಅಕ್ಕನ ಫೋನು ಬ್ಯಾಗಲ್ಲಿ ತಾನಾಗೇ ಒತ್ತಿಹೋಗಿತ್ತಂತೆ ಭಾವ. ನಿಮಗೆ ಮೂರು ಸಲ ಬಂದಿರ್ಬೇಕು."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಮೂರು ಸಲ ಅಂತ ನಿನಗ್ಯಾರು ಹೇಳಿದ್ರು? ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

"ಅಕ್ಕಾನೇ ಹೇಳಿದ್ಲು."

"ಆಸ್ಪತ್ರೆಲಾ?"

"ಹೂಂ."

ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಅಕ್ಕನಿಗೆ ಮಾತು ನಿಂತುಹೋಗಿತ್ತು. ನನಗಿಂತ ತಡವಾಗಿ ಬಂದ ಭಾವನಿಗೆ ಅದು ಗೊತ್ತಿರಲಿಲ್ಲ.

ಅವರು ನಿಧಾನವಾಗಿ ಒಳಗೆ ಬಂದು ಅಕ್ಕನ ಕುರ್ಚಿಯಲ್ಲಿ ಕೂತು, ಬಿಕ್ಕಿ ಬಿಕ್ಕಿ ಅತ್ತರು. ಬಹಳ ಹೊತ್ತಾದ ಮೇಲೆ ಮುಖ ಒರೆಸಿಕೊಂಡು, "ಊಟ ಮಾಡ್ಕೊಂಡೇ ಹೋಗು. ನಂಗೂ ಯಾಕೋ ಹಸಿವಾಗ್ತಿದೆ" ಎಂದರು.

ಊಟ ಮುಗಿಸಿ ಬಂದು ನೋಡಿದರೆ ಆ ಮಷೀನ್ ಇರಲಿಲ್ಲ. ಹೆಸರಿಲ್ಲ, ಫೈಲಿಲ್ಲ, ಡಿಸ್ಕಿನಲ್ಲಿ ಅದರ ಕುರುಹೂ ಇಲ್ಲ. ನಾನಂತೂ ಅಳಿಸಿರಲಿಲ್ಲ.

ಭಾವ ಈಗ ಗೆಲುವಾಗಿದ್ದಾರೆ. ಆ ಫೋನು ನಿಜವಾಗಿ ತಾನಾಗೇ ಒತ್ತಿಹೋಗಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಅಂಗಡಿಯಲ್ಲಿ ಒಬ್ಬಳೇ ಇರುವಾಗ ಮಾತ್ರ, ಹಾಡಹಗಲಲ್ಲೂ, ಉರಿಯುತ್ತಿರುವ ಪರದೆಗೆ ಬೆನ್ನು ಹಾಕಿ ಕೂರಲು ನನಗೆ ಧೈರ್ಯ ಬರುವುದಿಲ್ಲ.