ತಿರುಗಿ ನೋಡದವನು

ಮೇಚೇರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮಾದೇಶ ಮೋಟಾರ್ ವೈಂಡಿಂಗ್ ಅಂಗಡಿ ತೆರೆದು ಏಳು ತಿಂಗಳಾಗಿತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ಹಳೆಯ ತಂತಿಯನ್ನು ಅವನು ಕಿತ್ತು ತೆಗೆಯುತ್ತಿದ್ದ; ಹೆಂಡತಿ ಸುಗುಣಾ ಎದುರಿಗೆ ಕುಳಿತು ಹೊಸ ತಾಮ್ರದ ತಂತಿ ಸುತ್ತುತ್ತಿದ್ದಳು. ಆ ದಿನ ಇಬ್ಬರು ಪೊಲೀಸರು ಒಳಗೆ ಬಂದಾಗ, ಸುತ್ತಿನ ಎಣಿಕೆ ತಪ್ಪೀತೆಂದು ಅವಳು ತಲೆಯನ್ನೂ ಎತ್ತಲಿಲ್ಲ.

"ನಿನ್ನೆ ಸಂತೆ ದಾರೀಲಿ ಒಬ್ಬಮ್ಮನ ಸರ ಕಿತ್ಕೊಂಡು ಓಡವ್ರೆ. ಸರಗಳ್ಳತನದ ಹಳೇ ಕೇಸಿನವ್ರನ್ನೆಲ್ಲ ವಿಚಾರಿಸ್ತಾ ಇದೀವಿ. ಠಾಣೆಗೆ ಬಾ, ಮಾದೇಶ."

ಸಂಜೆಗೆ ಬಿಟ್ಟರು. ಅವನು ಹಿಂದಿನ ದಿನವೆಲ್ಲ ಅಂಗಡಿಯಲ್ಲೇ ಇದ್ದನೆಂದು ಮೋಟಾರ್ ತಂದಿದ್ದ ರೈತರು ಹೇಳಿದ್ದರು. ಅಷ್ಟರಲ್ಲಿ ಸುದ್ದಿ ಬೀದಿಗೆಲ್ಲ ಹರಡಿತ್ತು. ಅಂಗಡಿ ಜಾಗ ಬಾಡಿಗೆಗೆ ಕೊಟ್ಟಿದ್ದ ಕುಪ್ಪಸ್ವಾಮಿ ಬಾಗಿಲಲ್ಲೇ ನಿಂತಿದ್ದರು.

"ನಿನ್ ಕೆಲ್ಸದ್ ಮೇಲೆ ನಂದು ಒಂದ್ ಮಾತೂ ಇಲ್ಲ ತಂಬಿ. ಆದ್ರೆ ಪಕ್ದಾಗೇ ನನ್ ಮನೆ ಐತೆ, ಎಣ್ಮಕ್ಳವ್ರೆ. ಜೈಲಿಗೆ ಓಗಿದ್ದನ್ನ ಮೊದ್ಲೇ ಯೋಳ್ಬಾರ್ದಾ?"

"ಯೋಳಿದ್ರೆ ಅಂಗ್ಡಿ ಕೊಡ್ತಿದ್ರಾ ಅಣ್ಣಾ?"

"ತಿಂಗ್ಳು ಮುಗಿಯೋದ್ರಾಗೆ ಖಾಲಿ ಮಾಡು" ಎಂದು ಕುಪ್ಪಸ್ವಾಮಿ ಹೊರಟುಹೋದರು.

ಸುಗುಣಾ ಬಾಗಿಲು ಮುಂದೆ ಮಾಡಿದಳು. "ಮದ್ವೆಗ್ ಮುಂಚೆ ಒಡೆದಾಟದ ಕೇಸು ಅಂದಿದ್ದೆ ನೀನು, ಮಾಮ" ಎಂದಳು ಗಂಡನಿಗೆ.

ಮಾದೇಶ ನೆಲ ನೋಡುತ್ತಾ ನಿಜ ಹೇಳಿದ. ಆಗ ಅವನಿಗೆ ಹತ್ತೊಂಬತ್ತು. ಗೆಳೆಯ ಬೈಕ್ ಓಡಿಸುತ್ತಿದ್ದ, ಇವನು ಹಿಂದೆ ಕುಳಿತಿದ್ದ. ನಂಗವಳ್ಳಿ ರಸ್ತೆಯಲ್ಲಿ ಒಬ್ಬ ಹೆಂಗಸು ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದಳು. ಇವನು ಸರ ಹಿಡಿದೆಳೆದ.

"ಬಿದ್ದ ಸದ್ದು ಕೇಳುಸ್ತು. ತಿರುಗಿ ನೋಡ್ನಿಲ್ಲ. ಆ ಸದ್ದು ಇವತ್ತಿಗೂ ಬಿಟ್ಟಿಲ್ಲ. ಮೋಟಾರ್ ಕೆಳಗಿಟ್ರೂ ಅದೇ, ಬಾಗ್ಲು ಮುಚ್ಚಿದ್ರೂ ಅದೇ."

"ಆಮೇಲೆ ಆಯಮ್ಮಂಗೆ ಏನಾಯ್ತು?"

ಅವನಿಗೆ ಗೊತ್ತಿರಲಿಲ್ಲ. ತಪ್ಪೊಪ್ಪಿಕೊಂಡು ಮೂರು ವರ್ಷ ಒಳಗಿದ್ದ. ಕೇಸಿನ ಕಾಗದದಿಂದ ಚೆಲ್ಲಮ್ಮ ಎಂಬ ಹೆಸರೊಂದು ತಿಳಿದಿತ್ತು, ಅಷ್ಟೆ.

"ಕೊಳತ್ತೂರಿಗೆ ಓಗ್ಬುಡಾನ ಸುಗುಣಾ. ಅಲ್ಲಿ ನಮ್ಮನ್ನ ಯಾರೂ ಅರಿಯರು."

ಸುಗುಣಾ ಮರುದಿನ ಬೆಳಿಗ್ಗೆ ಸೀರೆ ಬದಲಿಸಿ ಬಂದು ನಿಂತಳು. "ಮೊದ್ಲು ನಂಗವಳ್ಳಿಗೆ ಬಾ. ನಿನ್ ಜೊತೆ ನಾ ಇರ್ಬೇಕಾ ಬ್ಯಾಡ್ವಾ, ಅಲ್ಲಿಗ್ ಓದ್ಮೇಲೆ ಯೋಳ್ತೀನಿ."

ಚೆಲ್ಲಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆಕೆ ಜಗಲಿಯಲ್ಲಿ ಕುಳಿತು ಬಲಗೈಯೊಂದರಲ್ಲೇ ಕಡಲೆಕಾಯಿ ಬಿಡಿಸುತ್ತಿದ್ದಳು. ಮುರಿದಿದ್ದ ಎಡಗೈ ಮೊಣಕೈಯ ಬಳಿ ಸೊಟ್ಟಗೆ ಕೂಡಿಕೊಂಡಿತ್ತು. ಮಾದೇಶ ಅಂಗಳದಲ್ಲಿ ನಿಂತ.

"ಅವ್ವಾ, ಆರ್ ವರ್ಷದ್ ಕೆಳಗೆ ನಿಮ್ ಸರ ಕಿತ್ತವ್ನು ನಾನೇ."

ಚೆಲ್ಲಮ್ಮನ ಬೆರಳು ನಿಂತಿತು. "ತಪ್ಪಾಯ್ತು, ಮನ್ನಿಪ್ಪು ಕೊಡು ಅಂತ ಕೇಳಕ್ಕೆ ಬಂದ್ಯಾ? ನಾ ಕೊಡಕಿಲ್ಲ."

"ಕೇಳಕ್ಕೆ ಬಂದಿಲ್ಲವ್ವಾ. ನಿಮಗೇನಾಯ್ತು ಅಂತ ನೋಡಕ್ಕೆ ಬಂದೆ."

"ನೋಡು ಅಂಗಾದ್ರೆ." ಆಕೆ ಸೊಟ್ಟ ಕೈಯನ್ನು ಮುಂದೆ ಚಾಚಿದಳು. "ಇದು ಎಲ್ರಿಗೂ ಕಾಣ್ತದೆ. ಕಾಣದೇ ಇರೋದೊಂದೈತೆ. ಅವತ್ತಿಂದ ದೊಡ್ ರೋಡಿಗೆ ಕಾಲಿಟ್ಟಿಲ್ಲ. ಬೈಕ್ ಸದ್ದು ಕೇಳಿದ್ರೆ ಗೋಡೆ ಇಡ್ಕೊಂಡು ನಿಂತ್ಕತೀನಿ. ನೀ ಮೂರ್ ವರ್ಷಕ್ಕೆ ಈಚೆ ಬಂದೆ. ನಾ ಇನ್ನೂ ಬಂದಿಲ್ಲ."

ಮಾದೇಶ ಅಂಗಳದಲ್ಲೇ ಕುಳಿತುಬಿಟ್ಟ. ಬಹಳ ಹೊತ್ತಿನ ಮೇಲೆ ಸುಗುಣಾ ಚೆಲ್ಲಮ್ಮನ ಬಳಿಗೆ ಹೋದಳು.

"ಅವ್ವಾ, ಬಸ್ ಸ್ಟಾಪ್ ಗಂಟ ನಮ್ ಜೊತೆ ಬತ್ತೀಯಾ? ನಾ ಕೈ ಇಡ್ಕೋತೀನಿ."

ಚೆಲ್ಲಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಮಾದೇಶನ ಕಡೆ ಗದ್ದ ಎತ್ತಿ ತೋರಿಸಿದಳು. "ಅವ್ನು ನನ್ ಇಂದೆ ಬರೋದು ಬ್ಯಾಡ. ರೋಡ್ ಕಡೆ ನಡೀಲಿ, ನಂಗೆ ಕಾಣೋ ಅಂಗೆ."

ಮೂವರೂ ಹೊರಟರು. ಒಳಗಿನ ಬದಿಗೆ ಸುಗುಣಾ, ನಡುವೆ ಚೆಲ್ಲಮ್ಮ, ವಾಹನಗಳ ಕಡೆಗೆ ಮಾದೇಶ. ಅರ್ಧ ದಾರಿಯಲ್ಲಿ ಹಿಂದಿನಿಂದ ಬೈಕೊಂದು ಅಬ್ಬರಿಸಿಕೊಂಡು ಬಂತು. ಚೆಲ್ಲಮ್ಮ ಕಿರುಚಿ, ಸಿಕ್ಕಿದ ತೋಳನ್ನು ಗಟ್ಟಿಯಾಗಿ ಹಿಡಿದಳು. ಅದು ಮಾದೇಶನದು. ಬೈಕ್ ಮುಂದೆ ಹೋಗಿ ಮರೆಯಾಯಿತು. ಹಿಡಿದದ್ದು ಯಾರನ್ನೆಂದು ಅರಿವಾಗಿ ಆಕೆ ಥಟ್ಟನೆ ಕೈ ಬಿಟ್ಟಳು. ಆದರೆ ಮನೆಯ ಕಡೆ ತಿರುಗಲಿಲ್ಲ.

ನಿಲ್ದಾಣದಲ್ಲಿ ಆಕೆಗೆ ಏದುಸಿರು ಬಂದಿತ್ತು. ಪೇಟೆಯಿಂದ ಬರುತ್ತಿದ್ದ ಪಕ್ಕದ ಮನೆಯ ಹೆಂಗಸು ಆಕೆಯನ್ನು ರಸ್ತೆಯಲ್ಲಿ ಕಂಡು ಬೆರಗಾಗಿ, ತಾನೇ ಮನೆಗೆ ಕರೆದೊಯ್ಯುವುದಾಗಿ ಹೇಳಿ ಜೊತೆಗೆ ನಿಂತಳು.

"ಕುಪ್ಪಸ್ವಾಮಿ ಅಣ್ಣಂಗೆ ನಾಳೆ ನಾನೇ ಎಲ್ಲಾನೂ ಯೋಳ್ತೀನಿ" ಎಂದ ಮಾದೇಶ, ಹೆಂಡತಿಗೆ ಮಾತ್ರ ಕೇಳುವಂತೆ. "ಅಂಗ್ಡಿ ಕೊಟ್ರೂ ಸರಿ, ಬುಟ್ರೂ ಸರಿ. ಮೇಚೇರೀಲೇ ಇರ್ತೀನಿ."

ಬಸ್ಸು ಬಂತು. ಚೆಲ್ಲಮ್ಮ ರಸ್ತೆಯಾಚೆಗೆ ಕೈ ತೋರಿಸಿದಳು. "ಆ ಬೇವಿನ ಮರದ್ ಇಂದೆ ನನ್ ತಂಗಿ ಮನೆ. ಬರೋ ವಾರ ಅಲ್ಲಿಗಂಟ ಓಗ್ಬೇಕು."

ಅದು ಅಪ್ಪಣೆಯೋ ಕೇಳಿಕೆಯೋ ಮಾದೇಶನಿಗೆ ತಿಳಿಯಲಿಲ್ಲ. ಏನು ಹೇಳಬೇಕೆಂದು ಅವನು ತಡವರಿಸುವಷ್ಟರಲ್ಲಿ ಸುಗುಣಾ ಬಸ್ಸಿನ ಮೆಟ್ಟಿಲಲ್ಲಿ ನಿಂತು ತಿರುಗಿದಳು.

"ಇಬ್ರೂ ಬತ್ತೀವಿ ಅವ್ವಾ" ಎಂದಳು.